12 ಸೆನ್ಸರಿನಲ್ಲಿ 6 ಮಾಯ. ಈ 120 ಓಮ್ ಸ್ವಿಚ್ ಆನ್ ಇಡಬೇಕಾ, ಆಫ್ ಇಡಬೇಕಾ?

ಟಿಕೋಟಾ_ವೈರಿಂಗ್ · ಸೋಮವಾರ ರಾತ್ರಿ 9:42
ಎಲ್ಲರಿಗೂ ನಮಸ್ಕಾರ. ವಿಜಯಪುರದ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಕೆಲಸ ಹಿಡಿದಿದ್ದೇನೆ. ಉಷ್ಣತೆ ಮತ್ತು ತೇವ ಅಳೆಯುವ ಸೆನ್ಸರ್ 12, ಕಂಟ್ರೋಲರ್ 1. ಎಲ್ಲವೂ ಒಂದೇ ಆರ್‌ಎಸ್-485 ಲೈನ್ ಮೇಲೆ (ಎ, ಬಿ ಅಂತ ಎರಡೇ ತಂತಿ, ಎಲ್ಲ ಸಾಧನಗಳೂ ಅದರ ಮೇಲೇ ಮಾತಾಡೋದು), ಮಾತಿನ ಭಾಷೆ ಮಾಡ್‌ಬಸ್, ಸ್ಪೀಡ್ ಸೆಕೆಂಡಿಗೆ 9600 ಬಿಟ್. ಕೇಬಲ್ 24 ಗೇಜಿನ ಟ್ವಿಸ್ಟೆಡ್ ಪೇರ್, ಒಟ್ಟು 90 ಮೀಟರ್. ಕಂಟ್ರೋಲರ್ ಒಂದು ತುದಿಗಿದೆ, 12ನೇ ಸೆನ್ಸರ್ ಇನ್ನೊಂದು ತುದಿಗೆ.

ಮೊದಲ ದಿನ ಎಲ್ಲ ಚೆನ್ನಾಗಿತ್ತು. ಕಂಪ್ರೆಸರ್ ಚಾಲೂ ಆದ ದಿನದಿಂದ 7ರಿಂದ 12ರವರೆಗಿನ ಸೆನ್ಸರ್‌ಗಳು ಬರುತ್ತವೆ, ಹೋಗುತ್ತವೆ. ಮಾಲೀಕರು ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಾರೆ.

ಈಗ ಪ್ರಶ್ನೆ. ಹೊಸ ಕಂಟ್ರೋಲರಿನಲ್ಲಿ ಟರ್ಮಿನೇಶನ್ ರೆಸಿಸ್ಟರ್ (ಸಿಗ್ನಲಿನ ಅಲೆ ತುದಿಗೆ ಬಡಿದು ವಾಪಸ್ ಬರದಂತೆ ಎ-ಬಿ ನಡುವೆ ಹಾಕುವ 120 ಓಮ್) ಚಿಪ್ಪಿನ ಒಳಗೇ ಇದೆಯಂತೆ, ಮೆನುವಿನಿಂದ ಆನ್-ಆಫ್ ಮಾಡಬಹುದು. ಸದ್ಯ ಆಫ್ ಇದೆ. ಆನ್ ಮಾಡಿದರೆ ಸರಿ ಹೋಗುತ್ತಾ? 12 ಸೆನ್ಸರ್ ತೆಗೆದು ಬೇರೆ ಕಂಪನಿಯದು ಹಾಕಿ ಅಂತ ಒಬ್ಬರು ಹೇಳಿದ್ದಾರೆ. ಅದಕ್ಕೆ ದುಡ್ಡು ಯಾರು ಕೊಡ್ತಾರೆ?

ಕೃಷ್ಣಾ_ದಂಡೆ
ಮೊದಲು ಎ ಮತ್ತು ಬಿ ಅದಲು ಬದಲು ಆಗಿದೆಯಾ ನೋಡಿ. ನೂರಕ್ಕೆ ತೊಂಬತ್ತು ಸಲ ಅದೇ.

ಟಿಕೋಟಾ_ವೈರಿಂಗ್
ಅದಲು ಬದಲು ಆಗಿದ್ದರೆ ಒಂದು ಸಲವೂ ಬರಬಾರದಲ್ವಾ? ಇವು ಬಂದು ಹೋಗ್ತವೆ.

ಬೆಸುಗೆ_ಹೊಗೆ
ಹೌದು, ಅದಲ್ಲ. ಆದರೆ ಎ-ಬಿ ಗೊಂದಲ ನಿಜ. ಸ್ಟ್ಯಾಂಡರ್ಡಿನಲ್ಲಿ ಎ ಅಂದರೆ ಒಂದು ತಂತಿ, ಚಿಪ್ ಮಾಡುವವರು ಎ ಅಂತ ಬರೆಯೋದು ಅದರ ತಿರುಗುಮುರುಗು. 1983ರಲ್ಲಿ ಬಂದ ಸ್ಟ್ಯಾಂಡರ್ಡ್, ಇನ್ನೂ ಈ ಜಗಳ ಮುಗಿದಿಲ್ಲ. ಅದು ಇರಲಿ. ಸೆನ್ಸರ್ ಒಳಗೆ ಟರ್ಮಿನೇಶನ್ ಸ್ವಿಚ್ ಇದೆಯಾ? ಇದ್ದರೆ ಯಾವುದು ಆನ್, ಯಾವುದು ಆಫ್? ಪವರ್ ಪೂರ್ತಿ ತೆಗೆದು ಕಂಟ್ರೋಲರ್ ತುದಿಯಲ್ಲಿ ಎ-ಬಿ ನಡುವೆ ಓಮ್ ಅಳೆದು ಹೇಳಿ. ಪವರ್ ಇದ್ದಾಗ ಅಳೆಯಬೇಡಿ, ಮೀಟರ್ ಏನೇನೋ ತೋರಿಸುತ್ತೆ.

ಒಂಬತ್ತುಸಾವಿರದ_ಆರುನೂರು
9600 ಸ್ಪೀಡು, 90 ಮೀಟರು. ಇದಕ್ಕೆ ಟರ್ಮಿನೇಶನ್ ಯಾಕ್ರೀ ಬೇಕು? ಲೆಕ್ಕ ಮಾಡಿ. ಕೇಬಲಿನಲ್ಲಿ ಸಿಗ್ನಲ್ ಒಂದು ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಗೊಳ್ಳುತ್ತೆ. 90 ಮೀಟರ್ ಹೋಗಿ ವಾಪಸ್ ಬರೋಕೆ 0.9 ಮೈಕ್ರೋಸೆಕೆಂಡ್. ಒಂದು ಬಿಟ್ ಇರೋದು 104 ಮೈಕ್ರೋಸೆಕೆಂಡ್. ರಿಸೀವರ್ ನೋಡೋದು ಬಿಟ್ಟಿನ ನಟ್ಟನಡುವೆ. ಅಷ್ಟೊತ್ತಿಗೆ ಹತ್ತು ಸಲ ಹೋಗಿ ಬಂದು ಅಲೆ ಸುಮ್ಮನಾಗಿರುತ್ತೆ. ಎಲ್ಲ ಆಫ್ ಮಾಡಿ, ಮನೆಗೆ ಹೋಗಿ ಮಲಗಿ.

ಮುಧೋಳ_ಪ್ಯಾನಲ್
ತಪ್ಪು ಸಲಹೆ ಕೊಡಬೇಡಿ. ಎರಡೂ ತುದಿಗೆ 120 ಓಮ್ ಇರಲೇಬೇಕು, ಪುಸ್ತಕದಲ್ಲಿ ಇದೆ. ಓಡುವ ಅಲೆಗೆ ಕೇಬಲ್ 120 ಓಮಿನ ಹಾಗೆ ಕಾಣುತ್ತೆ, ತುದಿಯಲ್ಲೂ 120 ಇದ್ದರೆ ಅಲೆ ಅಲ್ಲೇ ಕರಗುತ್ತೆ. ಇಲ್ಲದಿದ್ದರೆ ಗೋಳಗುಮ್ಮಟದಲ್ಲಿ ಕೂಗಿದ ಹಾಗೆ ಮತ್ತೆ ಮತ್ತೆ...

ಒಂಬತ್ತುಸಾವಿರದ_ಆರುನೂರು
ಗೋಳಗುಮ್ಮಟ ಬಿಡ್ರೀ ಸಾಕು. ಈ ವಿಷಯ ಬಂದಾಗೆಲ್ಲ ಅದೇ ಉದಾಹರಣೆ. ಗೋಳಗುಮ್ಮಟದಲ್ಲಿ ಒಂದೊಂದು ಅಕ್ಷರವನ್ನು ಅರ್ಧ ತಾಸು ಎಳೆದು ಹೇಳಿದರೆ ಮಾರ್ದನಿ ಇದ್ದರೂ ಕೇಳುವವನಿಗೆ ಅರ್ಥ ಆಗುತ್ತೆ. 9600 ಅಂದರೆ ಅದು.

ಮುಧೋಳ_ಪ್ಯಾನಲ್
ಸರಿ, ಕಾಲುವೆ ಅನ್ನಿ. ಗೇಟ್ ಮುಚ್ಚಿದ್ದರೆ ನೀರಿನ ಅಲೆ ಡಿಕ್ಕಿ ಹೊಡೆದು ಹಿಂದೆ ಬರುತ್ತೆ. ಅಷ್ಟೇ ಅಗಲದ ಕಾಲುವೆ ಮುಂದೆಯೂ ಇದ್ದರೆ ಸುಮ್ಮನೆ ಹೋಗುತ್ತೆ. ರೆಸಿಸ್ಟರ್ ಅಂದರೆ ಮುಂದೆ ಕಾಲುವೆ ಇದೆ ಅಂತ ಅಲೆಗೆ ನಂಬಿಸೋದು.

ಉದ್ಯಮಬಾಗ_ಹಳಬ
ಇದು ಚೆನ್ನಾಗಿದೆ.

ನಮ್ಮ ಕಾಲದ ಒಂದು ಮಾತು. ತೊಂಬತ್ತರ ದಶಕದಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಆಗ ನೆಟ್‌ವರ್ಕ್ ಅಂದರೆ ಟಿವಿ ಕೇಬಲ್ ತರಹದ ತೆಳು ಕೋ-ಆಕ್ಸ್, ಪ್ರತಿ ಕಂಪ್ಯೂಟರ್ ಹಿಂದೆ ಒಂದು ಟಿ ಆಕಾರದ ಕನೆಕ್ಟರ್, ಎರಡು ತುದಿಗೆ ಬೆರಳ ತುದಿಯಷ್ಟು 50 ಓಮಿನ ಟೊಪ್ಪಿಗೆ. ಯಾರೋ ಹುಡುಗರು ಆ ಟೊಪ್ಪಿಗೆಯನ್ನು ಆಟಕ್ಕೆ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋದರೆ ಮುಗೀತು, ಇಡೀ ಲ್ಯಾಬ್ ನಿಂತಿತು. ಒಂದು ಕಂಪ್ಯೂಟರ್ ಅಲ್ಲ, ಎಲ್ಲವೂ. ನಾನು ಮೀಟರ್ ಹಿಡಿದು ಅಳೀತಿದ್ದೆ: 25 ಓಮ್ ಬಂದರೆ ಎರಡೂ ಇವೆ, 50 ಬಂದರೆ ಒಂದು ಕಳುವಾಗಿದೆ. ಅದು ಹತ್ತು ಮೆಗಾಬಿಟ್ಟಿನ ಲೈನು, ಅಲ್ಲಿ ಟರ್ಮಿನೇಶನ್ ಬೇಕೇ ಬೇಕು. ಹಾಗಾಗಿ ಇಬ್ಬರೂ ಸರಿ, ಲೈನ್ ಯಾವುದು ಅನ್ನೋದರ ಮೇಲೆ.

ಗೋಕಾಕ_ಗ್ಯಾರೇಜ್
ನಮ್ಮಲ್ಲಿ ದಿನಾ ಇದೇ. ಹೊಸ ಗಾಡಿಗಳ ಒಳಗೆ ಕಂಪ್ಯೂಟರ್‌ಗಳು ಮಾತಾಡುವ ಕ್ಯಾನ್ ಬಸ್ ಲೈನ್ ಇರುತ್ತಲ್ಲ, ಎರಡು ತುದಿಗೆ 120, ಬ್ಯಾಟರಿ ಕಳಚಿ ಗಾಡಿ ಪರೀಕ್ಷೆಯ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ 60 ಬರಬೇಕು. ಮೊನ್ನೆ ಒಂದು ಟಿಪ್ಪರ್ ಬಂತು, ಮೀಟರಿನಲ್ಲಿ 40. ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ ಮಾಲೀಕ ಹಾಕಿಸಿದ್ದ ಜಿಪಿಎಸ್ ಡಬ್ಬಿಯಲ್ಲಿ ಟರ್ಮಿನೇಶನ್ ಸ್ವಿಚ್ ಆನ್ ಇತ್ತು. ಮೂರು 120 ಪ್ಯಾರಲಲ್ ಆದರೆ 40. ಸ್ವಿಚ್ ಆಫ್ ಮಾಡಿದೆ, ಮುಗೀತು. ಅರ್ಧ ನಿಮಿಷದ ಕೆಲಸಕ್ಕೆ ಅರ್ಧ ದಿನ.

ಟಿಕೋಟಾ_ವೈರಿಂಗ್ · ಮಂಗಳವಾರ ಮಧ್ಯಾಹ್ನ
ಅಳೆದೆ. ಪವರ್ ಆಫ್ ಮಾಡಿ ಕಂಟ್ರೋಲರ್ ತುದಿಯಲ್ಲಿ 14.5 ಓಮ್. ಮೀಟರ್ ಕೆಟ್ಟಿದೆಯಾ ಅಂತ ಬೇರೆ ಮೀಟರ್ ತಂದೆ, ಅದೂ ಅಷ್ಟೇ.

ಬೆಸುಗೆ_ಹೊಗೆ
ಕಳ್ಳ ಸಿಕ್ಕಿದ. ನಿಮ್ಮ 12 ಸೆನ್ಸರಿನಲ್ಲೂ ಸ್ವಿಚ್ ಆನ್ ಇದೆ. ಪಣ ಕಟ್ಟಿ, ಬೆಳಗಾವಿ ಕುಂದಾ ಅರ್ಧ ಕೆಜಿ.

ಕೃಷ್ಣಾ_ದಂಡೆ
120 ಭಾಗಿಸು 12 ಅಂದರೆ 10 ಆಗಬೇಕಲ್ಲ? 14.5 ಹೇಗೆ?

ಬೆಸುಗೆ_ಹೊಗೆ
ತಂತಿಗೂ ಓಮ್ ಇದೆಯಲ್ಲ. 24 ಗೇಜ್ ಅಂದರೆ ಒಂದು ಎಳೆ ಕಿಲೋಮೀಟರಿಗೆ 84 ಓಮ್ ಆಸುಪಾಸು. 90 ಮೀಟರ್ ಹೋಗಿ ಬರೋಕೆ 15 ಓಮ್ ಆಗುತ್ತೆ. ರೆಸಿಸ್ಟರ್‌ಗಳು ದಾರಿಯುದ್ದಕ್ಕೂ ಹಂಚಿಕೊಂಡಿವೆ, ದೂರದವು ತಂತಿಯ ಹಿಂದೆ ಅಡಗಿವೆ. ಅದಕ್ಕೇ 10ರ ಬದಲು 14 ಚಿಲ್ಲರೆ.

ಟಿಕೋಟಾ_ವೈರಿಂಗ್ · ಮಂಗಳವಾರ ಸಂಜೆ
ಏಣಿ ಹತ್ತಿ ಒಂದೊಂದೇ ಮುಚ್ಚಳ ತೆಗೆದು ನೋಡಿದೆ. 12ಕ್ಕೆ 12 ಆನ್. ನಮ್ಮ ಹುಡುಗನನ್ನು ಕೇಳಿದೆ. ಅಣ್ಣಾ, ಆನ್ ಮಾಡದಿದ್ದರೆ ಸೆನ್ಸರ್ ಚಾಲೂ ಆಗೋದು ಹೇಗೆ, ಅಂತಾನೆ. ಏನು ಹೇಳೋದು?

ಗೋಕಾಕ_ಗ್ಯಾರೇಜ್
ಹ್ಹಹ್ಹ. ಅವನದು ತಪ್ಪಲ್ಲ.

ಕೃಷ್ಣಾ_ದಂಡೆ
ಒಂದು ಅರ್ಥ ಆಗಲಿಲ್ಲ. 12 ಆನ್ ಇದ್ದರೂ ಮೊದಲ ದಿನ ನಡೆದಿದ್ದು ಹೇಗೆ? ಕಂಪ್ರೆಸರ್ ಬಂದ ಮೇಲೆ ಯಾಕೆ ಕೈಕೊಟ್ಟಿತು?

ಬೆಸುಗೆ_ಹೊಗೆ
ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಬರೀತೀನಿ.

ಆರ್‌ಎಸ್-485 ಡ್ರೈವರ್, ಅಂದರೆ ಲೈನಿಗೆ ಸಿಗ್ನಲ್ ತಳ್ಳುವ ಭಾಗ, 54 ಓಮ್ ಲೋಡ್ ಮೇಲೆ ಕನಿಷ್ಠ 1.5 ವೋಲ್ಟ್ ಕೊಡಬೇಕು ಅಂತ ನಿಯಮ. 54 ಯಾಕೆ ಅಂದರೆ ಎರಡು 120 ಸೇರಿ 60, ಅದರ ಮೇಲೆ 32 ರಿಸೀವರ್‌ಗಳ ಸಣ್ಣ ಭಾರ. ನಿಮ್ಮದು 14 ಓಮ್. ಡ್ರೈವರ್ ಏದುಸಿರು ಬಿಟ್ಟು ತಳ್ಳಿದರೂ ಹತ್ತಿರದಲ್ಲೇ ವೋಲ್ಟೇಜ್ ಕುಸಿಯುತ್ತೆ, ದೂರದ ತುದಿಗೆ ಅದರ ಅರ್ಧ ಮಾತ್ರ ಮುಟ್ಟುತ್ತೆ. ರಿಸೀವರಿಗೆ 0.2 ವೋಲ್ಟ್ ಸಿಕ್ಕರೆ ಸಾಕು, ಹಾಗಾಗಿ ಶಾಂತವಾಗಿದ್ದಾಗ ಹೇಗೋ ನಡೆಯುತ್ತೆ.

ಆದರೆ ದೊಡ್ಡ ತೊಂದರೆ ಯಾರೂ ಮಾತಾಡದೆ ಲೈನ್ ಸುಮ್ಮನಿರುವಾಗ. ಆಗ ಎ-ಬಿ ನಡುವೆ ಸ್ವಲ್ಪ ವೋಲ್ಟೇಜ್ ಹಿಡಿದಿಡೋಕೆ ಬಯಾಸ್ ರೆಸಿಸ್ಟರ್ ಇರುತ್ತವೆ. ನಿಮ್ಮ ಕಂಟ್ರೋಲರಿನಲ್ಲಿ 5 ವೋಲ್ಟಿಗೆ ಒಂದು 680, ಗ್ರೌಂಡಿಗೆ ಒಂದು 680 ಇದೆ ಅಂದುಕೊಳ್ಳಿ. ಸರಿಯಾದ 60 ಓಮ್ ಇದ್ದರೆ ನಡುವೆ 0.21 ವೋಲ್ಟ್ ನಿಲ್ಲುತ್ತೆ. 14.5 ಇದ್ದರೆ? 0.05. ಅಂದರೆ ಲೈನ್ ಒಂದಾ ಸೊನ್ನೆಯಾ ಅಂತ ರಿಸೀವರಿಗೇ ಗೊತ್ತಾಗಲ್ಲ. ಕಂಪ್ರೆಸರಿಗೆ ಕರೆಂಟ್ ಹಾಕುವ ದೊಡ್ಡ ಸ್ವಿಚ್ಚು, ಕಾಂಟ್ಯಾಕ್ಟರ್, ಟಪ್ ಅಂದರೆ ಸಾಕು, ಅದನ್ನೇ ಯಾರೋ ಮಾತು ಶುರು ಮಾಡಿದರು ಅಂತ ತಿಳಿಯುತ್ತೆ. ಮಾಡ್‌ಬಸ್ ಪ್ಯಾಕೆಟ್ ಹಾಳು.

ಒಂಬತ್ತುಸಾವಿರದ_ಆರುನೂರು
ಅದಕ್ಕೇ ಹೇಳಿದ್ದು, ಎಲ್ಲ ಆಫ್ ಮಾಡಿ. ಟರ್ಮಿನೇಶನ್ ಇಲ್ಲದಿದ್ದರೆ ಬಯಾಸ್ ಇನ್ನೂ ಗಟ್ಟಿಯಾಗಿ ನಿಲ್ಲುತ್ತೆ.

ಮುಧೋಳ_ಪ್ಯಾನಲ್
ಇಂದು 9600. ನಾಳೆ ಇನ್ಯಾರೋ ಬಂದು ಸ್ಪೀಡ್ ಏರಿಸ್ತಾರೆ, ಕೇಬಲ್ ಇನ್ನೊಂದು ಶೆಡ್ಡಿಗೆ ಎಳೀತಾರೆ, ಆಗ? ಎರಡು ತುದಿಗೆ ಎರಡು, ನಡುವಿನವು ಆಫ್. ಇದರಲ್ಲಿ ವಾದ ಏನಿದೆ.

ಬೆಸುಗೆ_ಹೊಗೆ
ಈ ಸಲ ಮುಧೋಳದವರ ಕಡೆ ನಾನು. 9600 ಸಾಹೇಬರ ಲೆಕ್ಕ ಸರಿಯೇ, ಆದರೆ ಇವತ್ತಿನ ಚಿಪ್‌ಗಳು 9600ರಲ್ಲಿ ಮಾತಾಡಿದರೂ ಅಂಚು (ಸೊನ್ನೆಯಿಂದ ಒಂದಕ್ಕೆ ಜಿಗಿಯೋದು) ಮಾತ್ರ 20 ಮೆಗಾಬಿಟ್ಟಿನ ಚಿಪ್ಪಿನಷ್ಟೇ ಚೂಪಾಗಿ ಬಿಡಬಹುದು, ಆಗ ಪ್ರತಿ ಅಂಚಿನಲ್ಲೂ ಕುಣಿತ ಇರುತ್ತೆ. ನಿಧಾನ ಅಂಚಿನ ಚಿಪ್ ಆಗಿದ್ದರೆ ಚಿಂತೆಯೇ ಇಲ್ಲ.

ಇಳಕಲ್_ವಿದ್ಯಾರ್ಥಿ
ಸರ್, ನಡುವೆ ಬರ್ತಿದ್ದೀನಿ, ಕ್ಷಮಿಸಿ. ಚಿಪ್ಪಿನ ಒಳಗೆ ಸ್ವಿಚ್ ಮಾಡಬಹುದಾದ ಟರ್ಮಿನೇಶನ್ ಅಂದರೆ ಏನು? ಒಂದು ರೆಸಿಸ್ಟರಿಗೆ ಒಂದು ಸ್ವಿಚ್. ಅದಕ್ಕೆ ಬೇರೆ ಚಿಪ್ ಯಾಕೆ? ನಾನು ಪ್ರಾಜೆಕ್ಟಿನಲ್ಲಿ ಸಿಡಿ4066 ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಚಿಪ್ ಹಾಕಬೇಕು ಅಂತಿದ್ದೆ.

ಬೆಸುಗೆ_ಹೊಗೆ
ಬೇಡಪ್ಪಾ. ನಾನೂ ಹಾಕಿ ಕೈ ಸುಟ್ಟುಕೊಂಡವನು. 4066ಕ್ಕೆ 5 ವೋಲ್ಟ್ ಕೊಟ್ಟರೆ ಅದರದ್ದೇ ಆನ್ ಓಮ್ ನೂರಾರು ಇರುತ್ತೆ, ಸಿಗ್ನಲ್ ಏರಿಳಿದ ಹಾಗೆ ಅದೂ ಬದಲಾಗುತ್ತೆ. 120 ಓಮಿನ ಕೆಲಸಕ್ಕೆ ಅದನ್ನು ತಂದರೆ ಕಲ್ಲಿಗಿಂತ ಗೋಣಿಚೀಲವೇ ಭಾರ ಆದ ಹಾಗೆ. ಇನ್ನೊಂದು, ಆರ್‌ಎಸ್-485 ಲೈನ್ ಮೈನಸ್ 7ರಿಂದ ಪ್ಲಸ್ 12 ವೋಲ್ಟಿನವರೆಗೆ ಓಡಾಡಬಹುದು. 5 ವೋಲ್ಟಿನ ಸಾದಾ ಸ್ವಿಚ್ಚಿಗೆ ಅಷ್ಟು ತಡೆಯೋಕೆ ಆಗಲ್ಲ, ಅದರ ಒಳಗಿನ ಡಯೋಡ್ ತೆರೆದುಕೊಂಡು ಲೈನನ್ನೇ ಹಿಡಿದು ಜಗ್ಗುತ್ತೆ. ಆಫ್ ಇದ್ದರೂ ಜಗ್ಗುತ್ತೆ, ಮಜಾ ಅಂದರೆ ಅದು.

ಅದಕ್ಕೆ ಹಿಂದೆ ಮೂರು ದಾರಿ ಇತ್ತು: ಜಂಪರ್, ಡಿಪ್ ಸ್ವಿಚ್, ಇಲ್ಲಾ ಸಣ್ಣ ರಿಲೇ. ರಿಲೇ ಒಳ್ಳೆಯದೇ, ಲೋಹಕ್ಕೆ ಲೋಹ, ಆದರೆ ಜಾಗ ತಿನ್ನುತ್ತೆ, ಕಾಯಿಲಿಗೆ ಕರೆಂಟ್ ಬೇಕು. ಆಮೇಲೆ ಎಲ್‌ಟಿಸಿ2859, 2861 ತರಹದ ಡ್ರೈವರ್ ಚಿಪ್ ಬಂದವು. ಒಂದು ಪಿನ್ನಿಗೆ ಹೈ ಕೊಟ್ಟರೆ ಒಳಗಿನ 120 ಓಮ್ ಎ-ಬಿ ನಡುವೆ ಬರುತ್ತೆ, ಲೋ ಕೊಟ್ಟರೆ ಹೋಗುತ್ತೆ. ಮ್ಯಾಕ್ಸ್13450ಇ ಅನ್ನೋದರಲ್ಲಿ 100 ಬೇಕಾ 120 ಬೇಕಾ ಅಂತ ಆರಿಸಿಕೊಳ್ಳಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಟಿಎಚ್‌ವಿಡಿ1424ರಲ್ಲಿ ಟರ್ಮಿನೇಶನ್ ಜೊತೆಗೆ ಅಂಚಿನ ವೇಗವನ್ನೂ ಪಿನ್ನಿನಿಂದ ಬದಲಿಸಬಹುದು. ಮುಚ್ಚಳ ತೆಗೆಯೋದು ಬೇಡ, ಏಣಿ ಬೇಡ.

ಉದ್ಯಮಬಾಗ_ಹಳಬ
ಏಣಿ ಬೇಡ ಸರಿ. ಆದರೆ ತುದಿ ಯಾವುದು ಅಂತ ಚಿಪ್ಪಿಗೆ ಹೇಗೆ ಗೊತ್ತಾಗಬೇಕು? ಅದನ್ನು ಹೇಳೋದು ವೈರ್ ಎಳೆದ ಮನುಷ್ಯನೇ ಅಲ್ವಾ? ಈ ಹುಡುಗ ಡಿಪ್ ಸ್ವಿಚ್ 12 ಆನ್ ಮಾಡಿದ. ಮೆನು ಇದ್ದಿದ್ದರೆ ಏಣಿಯಿಲ್ಲದೆ 12 ಆನ್ ಮಾಡ್ತಿದ್ದ.

ಗೋಕಾಕ_ಗ್ಯಾರೇಜ್
ಇದಕ್ಕೆ ನೂರು ಲೈಕ್.

ಮುಧೋಳ_ಪ್ಯಾನಲ್
ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಪ್ರೊಫಿಬಸ್ ಜಾಸ್ತಿ, ಅದೂ ಇಂಥದ್ದೇ ಎರಡು ತಂತಿಯ ಲೈನ್. ಅದರ ಕನೆಕ್ಟರ್ ಮೇಲೇ ಆನ್-ಆಫ್ ಗುಂಡಿ ಇರುತ್ತೆ. ಅದರ ಬುದ್ಧಿವಂತಿಕೆ ನೋಡಿ: ಆನ್ ಮಾಡಿದರೆ ಮುಂದೆ ಹೋಗುವ ಕೇಬಲನ್ನೇ ಕತ್ತರಿಸುತ್ತೆ. ಅಂದರೆ ನಡುವಿನವನು ತಪ್ಪಿ ಆನ್ ಮಾಡಿದರೆ ಆಚೆಗಿನವರೆಲ್ಲ ಒಂದೇ ಸಲ ಮಾಯ, ತಪ್ಪು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತೆ. ಇಲ್ಲಿನ ಹಾಗೆ ಅರ್ಧ ನಡೆದು ಅರ್ಧ ಸಾಯಲ್ಲ.

ಆದರೆ ಅದಕ್ಕೂ ಒಂದು ಕಾಯಿಲೆ. ಅಲ್ಲಿ ಟರ್ಮಿನೇಶನ್ ಅಂದರೆ ಒಂದೇ ರೆಸಿಸ್ಟರ್ ಅಲ್ಲ. 390, 220, 390 ಮೂರು, ಮೇಲಿನದಕ್ಕೆ 5 ವೋಲ್ಟ್ ಬರೋದು ಆ ಕನೆಕ್ಟರ್ ಸಿಕ್ಕಿಸಿದ ಡ್ರೈವಿನಿಂದಲೇ (ಡ್ರೈವ್ ಅಂದರೆ ಮೋಟರ್ ಓಡಿಸುವ ಡಬ್ಬಿ). ಒಂದು ಹಂಗಾಮಿನಲ್ಲಿ, ಕಬ್ಬು ನುರಿಸುವ ಕೆಲಸ ಜೋರಾಗಿದ್ದಾಗ, ರಾತ್ರಿ ಎರಡಕ್ಕೆ ಲೈನಿನ ಕೊನೆಯ ಡ್ರೈವನ್ನು ರಿಪೇರಿಗೆ ಅಂತ ಪವರ್ ತೆಗೆದರು. ಅದು ಕೊನೆಯದು, ತೆಗೆದರೆ ಏನಾಗುತ್ತೆ ಅಂದುಕೊಂಡರು. ತುದಿಯ ಟರ್ಮಿನೇಶನ್ ಸತ್ತಿತು, ನಡುವಿನ ಡ್ರೈವುಗಳು ಒಂದೊಂದಾಗಿ ಫಾಲ್ಟ್. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಸಾಲು. ಆ ರಾತ್ರಿ ನಾನು ಕೇಳಿದ ಬೈಗುಳ ಇಲ್ಲಿ ಬರೆಯೋಕಾಗಲ್ಲ. ಆಮೇಲೆ ತುದಿಗೆ ಬೇರೆ ಪವರ್ ಇರುವ ಟರ್ಮಿನೇಟರ್ ಡಬ್ಬಿಯನ್ನೇ ಹಾಕಿದೆವು.

ಬೆಸುಗೆ_ಹೊಗೆ
ಚಿಪ್ಪಿನೊಳಗಿನ ಟರ್ಮಿನೇಶನ್ನಿಗೂ ಇದೇ ಮಾತು. ಅದು ರೆಸಿಸ್ಟರ್ ಜೊತೆ ಟ್ರಾನ್ಸಿಸ್ಟರ್. ಚಿಪ್ಪಿಗೆ ಪವರ್ ಇಲ್ಲ ಅಂದರೆ ಸ್ವಿಚ್ ತೆರೆದುಕೊಂಡಿರುತ್ತೆ. ಕರೆಂಟ್ ಹೋದರೂ ನಿಲ್ಲುವುದು ಡಿಪ್ ಸ್ವಿಚ್ಚು, ಜಂಪರು, ಇಲ್ಲಾ ಟರ್ಮಿನಲ್ಲಿಗೆ ನೇರ ಕಟ್ಟಿದ ರೆಸಿಸ್ಟರು.

ಬನಹಟ್ಟಿ_ಮಗ್ಗ
ನೇರ ಕಟ್ಟುವಾಗ ಕಾಲು ವ್ಯಾಟಿನದು ಹಾಕಿ ಸುಟ್ಟುಕೊಂಡಿದ್ದೇನೆ. ಪಕ್ಕದ 24 ವೋಲ್ಟ್ ವೈರ್ ತಪ್ಪಿ ಎ-ಬಿ ಮೇಲೆ ಬಂತು. 24ರ ವರ್ಗ ಭಾಗಿಸು 120, ಹತ್ತಿರ ಹತ್ತಿರ 5 ವ್ಯಾಟ್. ವಾಸನೆ ಬಂದ ಮೇಲೆ ಗೊತ್ತಾಯ್ತು. ರೆಸಿಸ್ಟರ್ ಕರ್ರಗೆ ಇದ್ದಿಲು, ಪುಣ್ಯಕ್ಕೆ ಬೇರೇನೂ ಹೋಗಲಿಲ್ಲ.

ಕೃಷ್ಣಾ_ದಂಡೆ
ಕೋಲ್ಡ್ ಸ್ಟೋರೇಜ್ ಅಂದರೆ ಇಲಿ ಇರಲ್ವಾ? ನಮ್ಮ ಗೋದಾಮಿನಲ್ಲಿ ಟರ್ಮಿನೇಶನ್ ಮಾಡೋದೇ ಇಲಿಗಳು.

ಟಿಕೋಟಾ_ವೈರಿಂಗ್ · ಬುಧವಾರ
1ರಿಂದ 11 ಆಫ್ ಮಾಡಿದೆ. 12 ಮಾತ್ರ ಆನ್. ಕಂಟ್ರೋಲರ್ ಮೆನುವಿನಲ್ಲೂ ಆನ್ ಮಾಡಿದೆ. ಎಲ್ಲ 12 ಸೆನ್ಸರ್ ಬರ್ತಿವೆ, ಕಂಪ್ರೆಸರ್ ಹತ್ತು ಸಲ ಚಾಲೂ-ಬಂದ್ ಮಾಡಿಸಿದೆ, ಅಲುಗಲಿಲ್ಲ. ಎಲ್ಲರಿಗೂ ಧನ್ಯವಾದ.

ಆದರೆ ಒಂದು ಅನುಮಾನ. ಪವರ್ ತೆಗೆದು ಅಳೆದರೆ 60 ಬರಬೇಕು ಅಂದಿರಿ, ನನಗೆ 135 ಬರ್ತಿದೆ. ಏನು ತಪ್ಪಿದೆ?

ಬೆಸುಗೆ_ಹೊಗೆ
ಏನೂ ತಪ್ಪಿಲ್ಲ. 120 ಮತ್ತು ತಂತಿಯ 15. ಕಂಟ್ರೋಲರಿನದು ಚಿಪ್ಪಿನೊಳಗಿದೆ, ಪವರ್ ತೆಗೆದ ಕೂಡಲೇ ಅದೂ ಹೋಯಿತು, ಮೀಟರಿಗೆ ಕಾಣಲ್ಲ. ಅದನ್ನು ನೋಡಬೇಕು ಅಂದರೆ ಪವರ್ ಹಾಕಿ, ಕಂಟ್ರೋಲರ್ ಸೆನ್ಸರ್‌ಗಳನ್ನು ಕೇಳೋದು ನಿಲ್ಲಿಸಿ, ಎ-ಬಿ ನಡುವೆ ಓಮ್ ಅಲ್ಲ, ವೋಲ್ಟ್ ಅಳೆಯಿರಿ. 680ರ ಬಯಾಸ್ ಇದ್ದರೆ ಒಳಗಿನ ಟರ್ಮಿನೇಶನ್ ಆಫ್ ಇದ್ದಾಗ 0.45 ಸುಮಾರು, ಆನ್ ಇದ್ದಾಗ 0.22.

ಟಿಕೋಟಾ_ವೈರಿಂಗ್
ಅಳೆದೆ, 0.22. ಪುಸ್ತಕದಲ್ಲೂ ನೋಡಿದೆ, ಬಯಾಸ್ 680 ಅಂತಲೇ ಇದೆ. ನೀವು ಹೇಗೆ ಊಹಿಸಿದಿರಿ?

ಬೆಸುಗೆ_ಹೊಗೆ
ಊಹೆ ಏನಿಲ್ಲ. ಎಲ್ಲರೂ 560 ಇಲ್ಲಾ 680 ಹಾಕ್ತಾರೆ, ಹಣೆಬರಹ.

ಟಿಕೋಟಾ_ವೈರಿಂಗ್ · ಶನಿವಾರ
ಒಂದು ತಮಾಷೆ ಕೇಳಿ. ನಿನ್ನೆ ರಾತ್ರಿ ಎರಡು ತಾಸು ಕರೆಂಟ್ ಇರಲಿಲ್ಲ. ಬೆಳಿಗ್ಗೆ ಸುಮ್ನೆ ಅಳೆದೆ, 0.45! ಮೆನು ನೋಡಿದರೆ ಟರ್ಮಿನೇಶನ್ ಆಫ್. ಆ ಕಂಟ್ರೋಲರ್ ಸೆಟ್ಟಿಂಗನ್ನು ನೆನಪಿಟ್ಟುಕೊಳ್ಳಲ್ಲ, ಪವರ್ ಹೋಗಿ ಬಂದರೆ ಆಫಿಗೆ ಹೋಗುತ್ತೆ.

ಆದರೆ ಕರೆಂಟ್ ಬಂದ ಮೇಲೆ ರಾತ್ರಿಯಿಡೀ ಒಂದು ಸೆನ್ಸರ್ ಕೂಡ ತಪ್ಪಿಲ್ಲ. ಲಾಗ್ ನೋಡಿದೆ, ಒಂದೇ ಒಂದು ಎರರ್ ಇಲ್ಲ.

ಒಂಬತ್ತುಸಾವಿರದ_ಆರುನೂರು
ನಾನು ಏನೂ ಹೇಳಲ್ಲ. ಸುಮ್ಮನೆ ಇಲ್ಲಿ ಕೂತು ಚಹಾ ಕುಡೀತಿದ್ದೇನೆ.

ಮುಧೋಳ_ಪ್ಯಾನಲ್
ಒಂದು ರಾತ್ರಿ ನಡೆದರೆ ಸಾಬೀತಾಯ್ತಾ? 12ರ ತುದಿಯಲ್ಲಿ ಒಂದು ಇತ್ತಲ್ಲ.

ಒಂಬತ್ತುಸಾವಿರದ_ಆರುನೂರು
ಚಹಾ ಚೆನ್ನಾಗಿದೆ.

ಉದ್ಯಮಬಾಗ_ಹಳಬ
ಟಿಕೋಟಾದವರೇ, ಇವರಿಬ್ಬರನ್ನು ಬಿಡಿ. ಮೆನುವಿನ ಮೇಲೆ ನಂಬಿಕೆ ಇಡಬೇಡಿ, ಅದು ಆಫ್ ಇರಲಿ. ಕಂಟ್ರೋಲರಿನ ಎ-ಬಿ ಸ್ಕ್ರೂಗೆ ಒಂದು 120 ಓಮ್ ಅರ್ಧ ವ್ಯಾಟ್ ಕಟ್ಟಿ. ಎರಡೂ ಇಟ್ಟರೆ ಆ ತುದಿಗೆ 60 ಆಗುತ್ತೆ, ನೆನಪಿರಲಿ. ಪ್ಯಾನಲ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ: ತುದಿ ಒಂದು ಇಲ್ಲಿ, ತುದಿ ಎರಡು 12ನೇ ಸೆನ್ಸರ್, ಉಳಿದವು ಆಫ್. ಮುಂದೆ ಯಾರೋ 13ನೆಯದು ಹಾಕೋಕೆ ಬಂದೇ ಬರ್ತಾರೆ.

ಟಿಕೋಟಾ_ವೈರಿಂಗ್
ಆಯ್ತು ಸರ್, ಸೋಮವಾರ ಮಾಡ್ತೀನಿ. ಚೀಟಿ ಹುಡುಗನ ಕೈಲೇ ಬರೆಸ್ತೀನಿ.

ಏಣಿ_ಮೇಲಿನ_ಹುಡುಗ
ಆ ಹುಡುಗ ನಾನೇ. ಅಣ್ಣ ಲಿಂಕ್ ಕಳಿಸಿದರು. ಸ್ವಿಚ್ ಮೇಲೆ ಆನ್ ಅಂತ ಬರೆದಿತ್ತು, ಏನು ಆನ್ ಅಂತ ಬರೆದಿರಲಿಲ್ಲ. 12 ಸಲ ಏಣಿ ಹತ್ತಿ ಇಳಿದವನು ನಾನು, ಆಫ್ ಮಾಡೋಕೆ ಮತ್ತೆ 11 ಸಲ.

ಗೋಕಾಕ_ಗ್ಯಾರೇಜ್
ತಮ್ಮಾ, ಕುಂದಾ ಪಣ ಯಾರು ಕಟ್ಟಿದ್ದರು ನೋಡು, ಅದರಲ್ಲಿ ನಿನ್ನ ಪಾಲು ಕೇಳು.

ಬೆಸುಗೆ_ಹೊಗೆ
ಪಣ ಗೆದ್ದವನು ನಾನು. ಕೊಡಬೇಕಾದವರು ಟಿಕೋಟಾದವರು.

ಟಿಕೋಟಾ_ವೈರಿಂಗ್
ಒಣದ್ರಾಕ್ಷಿ ನಡೆಯುತ್ತಾ?